ಗದ್ದದ ವಂಶಾವಳಿ

ಡೊಂಬಿವಲಿ ಪೂರ್ವ, ಶನಿವಾರ ಸಂಜೆ. ಫಡಕೆ ರಸ್ತೆಯ ಗದ್ದಲದಿಂದ ಪಕ್ಕದ ಗಲ್ಲಿಗೆ ಹೊರಳಿ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದಂಥ ಮೆಟ್ಟಿಲು ಹತ್ತಿ. ಮೊದಲ ಮಹಡಿ. ಚಪ್ಪಲಿ ಹೊರಗೇ ಬಿಡಬೇಕು. ಒಳಗೆ ಕಾಲಿಟ್ಟರೆ ಲವಂಗದೆಣ್ಣೆಯ ವಾಸನೆ, ಗೋಡೆಯಲ್ಲೊಬ್ಬ ಗಣಪತಿ, ಬೆಂಚಿನ ಮೇಲೆ ತಮ್ಮ ಸರದಿಗೆ ಕಾದಿರುವ ಏಳೆಂಟು ಮಂದಿ. ಮಾತು ಮರಾಠಿ, ಗುಜರಾತಿ, ಮೂಲೆಯಲ್ಲಿ ಸಣ್ಣ ದನಿಯ ತುಳು. ಒಳಕೋಣೆಯ ಬಾಗಿಲು ಅರ್ಧ ತೆರೆದಿದೆ. ಅಲ್ಲಿಂದ ಕೇಳುತ್ತಿರುವುದು ಮಾತ್ರ ಅಪ್ಪಟ ಬಾಗಲಕೋಟೆ ಕಡೆಯ ಕನ್ನಡ.

“ಉಸಿರು ಮೂಗಿಂದ ತಗೋ ಪಾ, ಮೂಗಿಂದ. ವಾಂತಿ ಬರಾಂಗಿಲ್ಲ.”

ಹೇಳುತ್ತಿರುವುದು ಅಜ್ಜಿ. ಕುರ್ಚಿಯ ಮೇಲೆ ಒರಗಿರುವವನು ಒಂಬತ್ತು ವರ್ಷದ ಮೊಮ್ಮಗ. ಸಹಾಯಕಿ ರಬ್ಬರ್ ಬಟ್ಟಲಿನಲ್ಲಿ ಗುಲಾಬಿ ಪುಡಿಗೆ ನೀರು ಬೆರೆಸಿ, ಬಟ್ಟಲ ಗೋಡೆಗೆ ಒತ್ತಿ ಒತ್ತಿ ಕಲಸುತ್ತಿದ್ದಾಳೆ. ಪುಡಿಯ ಹೆಸರು ಆಲ್ಜಿನೇಟ್, ಕಡಲಪಾಚಿಯಿಂದ ಬಂದದ್ದು. ಒಂದು ನಿಮಿಷದೊಳಗೆ ಮುದ್ದೆಯಾಗಬೇಕು, ಟ್ರೇಗೆ ತುಂಬಬೇಕು, ಹುಡುಗನ ಬಾಯೊಳಗೆ ಹೋಗಬೇಕು. ತಡವಾದರೆ ಬಟ್ಟಲಲ್ಲೇ ಗಟ್ಟಿಯಾಗುತ್ತದೆ. ಡಾಕ್ಟರಮ್ಮ ಟ್ರೇಯನ್ನು ಓರೆಯಾಗಿ ತೂರಿಸಿ, ನೇರ ಮಾಡಿ, ಮೇಲಕ್ಕೆ ಒತ್ತಿ ಹಿಡಿಯುತ್ತಾರೆ. ಹುಡುಗನ ಕಣ್ಣಲ್ಲಿ ನೀರು, ಕಾಲ್ಬೆರಳು ಮಡಚಿಕೊಂಡಿವೆ. ಎರಡು ನಿಮಿಷ. ಪಚಕ್ಕೆಂದು ಟ್ರೇ ಹೊರಬಂದಾಗ ಗುಲಾಬಿ ಮುದ್ದೆಯಲ್ಲಿ ಅವನ ಮೇಲ್ದವಡೆಯ ಅಚ್ಚು ಮೂಡಿದೆ: ಕಿರಿದಾದ ಕಮಾನು, ಆಗತಾನೇ ಬಂದ ಮುಂದಿನ ನಾಲ್ಕು ಹಲ್ಲು, ಪಕ್ಕದಲ್ಲಿ ಸವೆದ ಹಾಲುಹಲ್ಲುಗಳು.

ಬಾಯಿ ತೊಳೆದುಕೊಂಡು ಹುಡುಗ ಹಲ್ಲು ಕಚ್ಚಿ ತೋರಿಸುತ್ತಾನೆ. ಈಗ ನೀವೇ ಬಗ್ಗಿ ನೋಡಿ. ನಮ್ಮ ನಿಮ್ಮ ಬಾಯಲ್ಲಿ ಮೇಲಿನ ಹಲ್ಲು ಕೆಳಗಿನದನ್ನು ಒಂದಿಷ್ಟು ಮುಚ್ಚಿಕೊಂಡು ಹೊರಗಿರುತ್ತದೆ. ಇವನಿಗೆ ತಿರುಗಾಮುರುಗಾ. ಕೆಳಗಿನ ಸಾಲು ಮುಂದೆ, ಮೇಲಿನದು ಅದರ ಹಿಂದೆ. ಪಕ್ಕದಿಂದ ನೋಡಿದರೆ ಮೂಗಿನ ಕೆಳಗೆ ಮುಖ ಸ್ವಲ್ಪ ಒಳಸರಿದು, ಗದ್ದ ಮುಂದೆ ಬಂದಿದೆ.

“ಮನೆಯಲ್ಲಿ ಬೇರೆ ಯಾರಿಗಾದರೂ ಗದ್ದ ಹೀಗಿದೆಯಾ ಅಜ್ಜಿ?” ಡಾಕ್ಟರಮ್ಮ ಕುಂದಾಪುರದ ಕಡೆಯವರು, ಡೊಂಬಿವಲಿಯಲ್ಲೇ ಬೆಳೆದವರು.

ಅಜ್ಜಿ ಉತ್ತರ ಕೊಡುವುದಿಲ್ಲ, ಸೊಸೆಯ ಕಡೆ ಕೈಚಾಚುತ್ತಾರೆ. ಸೊಸೆ ಮೊಬೈಲಿನಲ್ಲಿ ಹುಡುಕಿ, ಫ್ರೇಮು ಹಾಕಿದ ಹಳೇ ಫೋಟೋದ ಫೋಟೋ ತೆಗೆದು ಕೊಡುತ್ತಾಳೆ. ಪಟಗ ಸುತ್ತಿದ ಯಜಮಾನರು, ಪೊದೆ ಮೀಸೆ. ಡಾಕ್ಟರಮ್ಮ ಎರಡು ಬೆರಳಿನಿಂದ ಚಿತ್ರ ಹಿಗ್ಗಿಸುತ್ತಾರೆ. ಮೀಸೆ ಮುಚ್ಚಿದ್ದನ್ನು ಗದ್ದ ಹೇಳುತ್ತಿದೆ.

“ಇವರು?”

“ನಮ್ಮ ಮನಿಯವ್ರು. ನಮ್ಮ ಸ್ವಾದರಮಾವನೂ ಹೌದ್ರಿ.”

ಡಾಕ್ಟರಮ್ಮ ಕೇಸ್‌ಪೇಪರ್ ಮಗುಚಿ ಹಾಕಿ ಪೆನ್ನು ಹಿಡಿಯುತ್ತಾರೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಮದುವೆಗೆ ಒಂದು ಅಡ್ಡಗೆರೆ, ರಕ್ತಸಂಬಂಧದೊಳಗಿನ ಮದುವೆಗೆ ಎರಡು. ಅಜ್ಜಿ ಹೇಳುತ್ತಾ ಹೋದಂತೆ ಗೆರೆಗಳು ಬೆಳೆಯುತ್ತವೆ. ಅಜ್ಜಿಯ ಗಂಡ ಅಜ್ಜಿಯ ತಾಯಿಗೆ ತಮ್ಮ; ಆದ್ದರಿಂದ ಗಂಡನ ತಾಯಿ ಅಜ್ಜಿಗೆ ಅತ್ತೆಯೂ ಹೌದು, ಅಜ್ಜಿಯೂ ಹೌದು. ಆ ಮುದುಕಿಗೂ ಗದ್ದ ಹೀಗೇ ಇತ್ತಂತೆ. ಮಗ ಮದುವೆಯಾದದ್ದು ಸೋದರಮಾವನ ಮಗಳನ್ನು, ಅಂದರೆ ಅಜ್ಜಿಯ ತಮ್ಮನ ಮಗಳನ್ನು. ಅವಳೇ ಇಲ್ಲಿ ಕೂತಿರುವ ಸೊಸೆ. ಇನ್ನೊಂದು ಜೋಡಿಗೆರೆ. ಗದ್ದ ಮುಂದಿದ್ದವರ ಚೌಕಕ್ಕೂ ವೃತ್ತಕ್ಕೂ ಡಾಕ್ಟರಮ್ಮ ಕಪ್ಪು ತುಂಬುತ್ತಾರೆ. ಮುದುಕಿ, ಅಜ್ಜ, ಅರೆಬರೆಯಾಗಿ ಅಪ್ಪ, ಕೊನೆಗೆ ಈ ಹುಡುಗ.

ಅಜ್ಜಿಯ ಮುಖ ಬಿಗಿಯುತ್ತದೆ. “ಅಂದ್ರ ಇದು ನಮ್ಮ ತಪ್ಪೇನ್ರಿ?”

“ತಪ್ಪಿನ ಮಾತಲ್ಲ ಅಜ್ಜಿ. ಸ್ಪೇನಿನ ರಾಜರ ಮನೆಯಲ್ಲೂ ಇದೇ ಕಥೆ.”

ನಿಜಕ್ಕೂ ಇದೇ ಕಥೆ. ಹ್ಯಾಬ್ಸ್‌ಬರ್ಗ್ ಮನೆತನದ ನಾಲ್ಕನೇ ಫಿಲಿಪ್ 1649ರಲ್ಲಿ ಮದುವೆಯಾದದ್ದು ಸ್ವಂತ ತಂಗಿಯ ಮಗಳು ಮರಿಯಾನಾಳನ್ನು. ಅವರ ಮಗ ಎರಡನೇ ಚಾರ್ಲ್ಸ್‌ನ ದವಡೆ ಎಷ್ಟು ಮುಂದಿತ್ತೆಂದರೆ ಅವನಿಗೆ ಅಗಿದು ತಿನ್ನುವುದೇ ಕಷ್ಟವಾಗಿತ್ತು. 1700ರಲ್ಲಿ ಮಕ್ಕಳಿಲ್ಲದೆ ಸತ್ತ, ಅಲ್ಲಿಗೆ ಸ್ಪೇನಿನಲ್ಲಿ ಆ ವಂಶವೂ ಮುಗಿಯಿತು. 2019ರಲ್ಲಿ ಸ್ಪೇನಿನ ಸಂಶೋಧಕರು ಆ ಮನೆತನದ 15 ಜನರ 66 ವರ್ಣಚಿತ್ರಗಳನ್ನು 10 ಮಂದಿ ದವಡೆ ಶಸ್ತ್ರವೈದ್ಯರ ಮುಂದಿಟ್ಟು ಅಂಕ ಹಾಕಿಸಿದರು. ರಕ್ತಸಂಬಂಧ ಹೆಚ್ಚು ಹೆಣೆದುಕೊಂಡವರ ಗದ್ದ ಹೆಚ್ಚು ಮುಂದಿತ್ತು. ಸೋದರಮಾವ-ಸೋದರಸೊಸೆಯ ಮದುವೆಯಿಂದ ಹುಟ್ಟಿದ ಮಗುವಿನಲ್ಲಿ ಈ ಹೆಣಿಗೆಯ ಲೆಕ್ಕ ಎಂಟರಲ್ಲೊಂದು. ತಲೆಮಾರುಗಟ್ಟಲೆ ಅದನ್ನೇ ಮಾಡಿದ್ದರಿಂದ ಚಾರ್ಲ್ಸ್‌ನಲ್ಲಿ ಅದು ನಾಲ್ಕರಲ್ಲೊಂದಕ್ಕೂ ತುಸು ಹೆಚ್ಚಾಗಿತ್ತು.

ಅಜ್ಜಿಗೆ ಇದರಲ್ಲಿ ಕೇಳಿಸಿದ್ದು ಒಂದೇ. “ತಂಗೀ ಮಗಳನ್ನೇನ್ರಿ? ನಮ್ಮಲ್ಲಿ ನಡ್ಯಾಂಗಿಲ್ರಿ. ಅಕ್ಕನ ಮಗಳಾದ್ರ ಬರತೈತಿ.”

ಸೊಸೆ ಬಾಯಿಗೆ ಸೆರಗು ಹಿಡಿದು ನಗುತ್ತಾಳೆ. ಸ್ಪೇನಿನ ರಾಜನಿಗೆ ಬಾಗಲಕೋಟೆಯ ಮರ್ಯಾದೆ ಗೊತ್ತಿರಲಿಲ್ಲ ಬಿಡಿ.

ಇದು ಆ ಒಂದು ಮನೆಯ ವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮಂದಿ ರಕ್ತಸಂಬಂಧದೊಳಗೇ ಮದುವೆಯಾದವರು. ಆ ಸಂಬಂಧಗಳು ಸೊಲ್ಲಾಪುರ ದಾಟಿ ಡೊಂಬಿವಲಿ, ಕಲ್ಯಾಣ, ಠಾಣೆಗೆ ಬಂದಿವೆ; ಹಲ್ಲಿನ ಡಾಕ್ಟರ ಕುರ್ಚಿಗೂ ಬಂದಿವೆ. ಹಾಗೆಂದು ಸಂಬಂಧದ ಮದುವೆಯಿಂದಲೇ ಗದ್ದ ಮುಂದೆ ಬರುತ್ತದೆ ಎನ್ನುವುದು ತಪ್ಪು. ಮನೆತನದಲ್ಲಿ ಆ ಗುಣ ಇದ್ದರೆ, ಒಳಗೊಳಗೇ ಮದುವೆಯಾದಾಗ ಅದು ಮತ್ತೆ ಮತ್ತೆ ಎದುರಾಗುತ್ತದೆ, ಅಷ್ಟೇ. ಹೊರಗಿನ ಸಂಬಂಧದ ಮನೆಗಳಲ್ಲೂ ಅಪ್ಪನಿಂದ ಮಗನಿಗೆ ನೆಟ್ಟಗೆ ಇಳಿದ ಗದ್ದಗಳು ಬೇಕಾದಷ್ಟಿವೆ.

ಈಗ ಕಂಪ್ಯೂಟರ್ ಪರದೆಯತ್ತ ತಿರುಗಿ. ಹುಡುಗನ ತಲೆಯ ಪಕ್ಕನೋಟದ ಎಕ್ಸ್-ರೇ, ಸೆಫಲೋಗ್ರಾಂ. 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್, ಜರ್ಮನಿಯ ಹೋಫ್ರಾತ್ ಬೇರೆ ಬೇರೆಯಾಗಿ ರೂಢಿಗೆ ತಂದ ಚಿತ್ರ ಇದು. ಡಾಕ್ಟರಮ್ಮ ಮೌಸ್‌ನಿಂದ ಚುಕ್ಕೆ ಇಡುತ್ತಾರೆ: ಮಿದುಳಿನ ಕೆಳಗಿನ ಚಿಕ್ಕ ಕುಳಿ, ಮೂಗಿನ ಬುಡ, ಮೇಲ್ದವಡೆಯ ಒಳಬಾಗು, ಕೆಳದವಡೆಯ ಒಳಬಾಗು. ಗೆರೆ ಎಳೆದರೆ ಕೋನ. ಮೇಲ್ದವಡೆಗೂ ಕೆಳದವಡೆಗೂ ಇರಬೇಕಾದ ಅಂತರ ಪುಸ್ತಕದ ಪ್ರಕಾರ 2 ಡಿಗ್ರಿ. ಇವನದು ಮೈನಸ್ 3. ಆ 2 ಡಿಗ್ರಿ ಅಮೆರಿಕದಲ್ಲಿ ಹುಟ್ಟಿದ ಲೆಕ್ಕ, ನಮ್ಮ ಮುಖಗಳಿಗೆ ಒಂದಿಷ್ಟು ಹಿಂಚುಮುಂಚು ಮಾಡಿ ಓದಬೇಕು. ಆದರೂ ಮೈನಸ್ ಎಂಬುದು ಯಾರ ಲೆಕ್ಕದಲ್ಲೂ ಮೈನಸ್ಸೇ.

ಆಮೇಲೆ ಅವರು ತೋರಿಸುವುದು ಹಲ್ಲನ್ನಲ್ಲ, ಕತ್ತನ್ನು. ಎರಡನೇ, ಮೂರನೇ, ನಾಲ್ಕನೇ ಕತ್ತಿನ ಮೂಳೆ. ಮೂರರ ಅಡಿಯೂ ಇನ್ನೂ ಸಪಾಟಾಗಿದೆ. ಬೆಳವಣಿಗೆಯ ನೆಗೆತ ಹತ್ತಿರ ಬಂದಂತೆ ಈ ಅಡಿಭಾಗಗಳು ಒಂದೊಂದಾಗಿ ಒಳಗೆ ಬಾಗುತ್ತವೆ. ಮಗು ಎಷ್ಟು ವರ್ಷದ್ದು ಎಂಬುದಕ್ಕಿಂತ ಮೂಳೆ ಎಲ್ಲಿಗೆ ಬಂದಿದೆ ಎಂಬುದನ್ನು ಈ ಮೂರು ತುಣುಕು ಹೆಚ್ಚು ಪ್ರಾಮಾಣಿಕವಾಗಿ ಹೇಳುತ್ತವೆ.

“ಇನ್ನೂ ಟೈಮಿದೆ,” ಎನ್ನುತ್ತಾರೆ ಡಾಕ್ಟರಮ್ಮ. “ಮೇಲಿನ ದವಡೆಯನ್ನು ಮುಂದೆ ಎಳೆಯಬಹುದು. ಹತ್ತು ದಾಟಿದ ಮೇಲೆ ಬಂದಿದ್ದರೆ ಇಷ್ಟು ಧೈರ್ಯವಾಗಿ ಹೇಳ್ತಿರಲಿಲ್ಲ.”

ಕಪಾಟಿನಿಂದ ಫೇಸ್‌ಮಾಸ್ಕ್ ಹೊರಬರುತ್ತದೆ. ಹಣೆಗೊಂದು ಮೆತ್ತೆ, ಗದ್ದಕ್ಕೊಂದು ಮೆತ್ತೆ, ನಡುವೆ ಸ್ಟೀಲಿನ ಕಂಬಿ. ಅದರಿಂದ ಮೇಲ್ದವಡೆಗೆ ಅಂಟಿಸಿದ ಸಾಧನಕ್ಕೆ ಎರಡು ರಬ್ಬರ್. ದಿನಕ್ಕೆ 12ರಿಂದ 14 ತಾಸು. ಹುಡುಗ ಮೊದಲ ಸಲ ಬಾಯಿ ಬಿಡುತ್ತಾನೆ, ಮರಾಠಿಯಲ್ಲಿ: “ಶಾಳೇತ್ ನಾಹೀ ನಾ?” ಶಾಲೆಗೆ ಬೇಡ, ಮನೆಗೆ ಬಂದ ಮೇಲೆ ಹಾಕಿದರಾಯಿತು ಎಂದ ಮೇಲೆ ಭುಜ ಇಳಿಯುತ್ತದೆ.

ಸೊಸೆ ಕೇಳುತ್ತಾಳೆ, “ಪೂರ್ತಿ ಸರಿ ಆಗತದಲ್ರಿ?”

ಇಲ್ಲಿ ಡಾಕ್ಟರಮ್ಮ ಕೊಡುವ ಉತ್ತರಕ್ಕಾಗಿಯೇ ನಾನು ನಿಮ್ಮನ್ನು ಇಷ್ಟು ಹೊತ್ತು ಕೂರಿಸಿದ್ದು. “ಈಗ ಹಲ್ಲು ಸರಿ ಕೂರುತ್ತೆ. ಆದರೆ ಕೆಳದವಡೆ ಎಲ್ಲಕ್ಕಿಂತ ಕೊನೆಗೆ ಬೆಳೆದು ಮುಗಿಸೋದು. ಹದಿನಾಲ್ಕು, ಹದಿನೈದಕ್ಕೆ ಅಜ್ಜನ ದವಡೆ ಮತ್ತೆ ಓಡಬಹುದು. ಓಡಿದರೆ ಇಪ್ಪತ್ತರ ಹತ್ತಿರ ಆಪರೇಷನ್. ಓಡದೆ ಇರಲಿ ಅಂತ ಈಗ ಮಾಡೋದು.” ಬ್ರಿಟನ್ನಿನಲ್ಲಿ ಹತ್ತು ವರ್ಷದೊಳಗಿನ ಇಂಥ ಮಕ್ಕಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ ಆರು ವರ್ಷ ಹಿಂಬಾಲಿಸಿದ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. ಫೇಸ್‌ಮಾಸ್ಕ್ ಹಾಕಿದವರಲ್ಲಿ ಶಸ್ತ್ರಚಿಕಿತ್ಸೆ ಬೇಕಾದೀತು ಎನಿಸಿದ್ದು 36 ಪ್ರತಿಶತಕ್ಕೆ, ಹಾಕದವರಲ್ಲಿ 66 ಪ್ರತಿಶತಕ್ಕೆ. ವಂಶದ ಗುಣವನ್ನು ಯಂತ್ರ ಅಳಿಸಲಿಲ್ಲ. ಆದರೆ ಬಹಳ ಮಕ್ಕಳನ್ನು ಆಪರೇಷನ್ ಟೇಬಲ್ಲಿನಿಂದ ಉಳಿಸುವ ಭರವಸೆ ಕೊಟ್ಟಿತು.

ಹಲ್ಲಿನ ಸಾಲು, ದವಡೆ ತಿದ್ದುವ ಇಂಥ ಡಾಕ್ಟರು, ಅಂದರೆ ಆರ್ಥೊಡಾಂಟಿಸ್ಟ್ ಎನ್ನುವವರು, ಈ ಊರುಗಳಲ್ಲಿ ಒಂದೇ ಕುರ್ಚಿಗೆ ಅಂಟಿಕೊಂಡವರಲ್ಲ. ಸೋಮವಾರ ಕಲ್ಯಾಣ, ಬುಧವಾರ ಠಾಣೆ, ಶನಿವಾರ ಡೊಂಬಿವಲಿ, ಬೆಳಗ್ಗೆ ಕೆಲವರಿಗೆ ನವಿ ಮುಂಬಯಿಯ ಕಾಲೇಜು. ಚೀಲದಲ್ಲಿ ಇಕ್ಕಳ, ಬ್ರ್ಯಾಕೆಟ್, ತಂತಿಯ ಸುರುಳಿ. ಕೊರಳಲ್ಲಿ ರೈಲ್ವೆ ಪಾಸು. ನಮ್ಮ ಡಾಕ್ಟರಮ್ಮನ ಹಿಂದೆಯೇ ಬನ್ನಿ.

ಕಲ್ಯಾಣದ ಕ್ಲಿನಿಕ್ಕಿನಲ್ಲಿ ಹದಿಮೂರರ ಹುಡುಗಿ. ಮುಂದಿನ ಎರಡು ದೊಡ್ಡ ಹಲ್ಲಿನ ಪಕ್ಕ ಇರಬೇಕಾದ ಚಿಕ್ಕ ಹಲ್ಲು ಎರಡೂ ಕಡೆ ಇಲ್ಲ. ಹಾಲುಹಲ್ಲು ಬಿದ್ದು ಎಷ್ಟೋ ಕಾಲವಾಯಿತು, ಬರುತ್ತದೆ ಬರುತ್ತದೆ ಎಂದು ಮನೆಯವರು ಕಾದಿದ್ದಾರೆ. ಎಕ್ಸ್-ರೇಯಲ್ಲಿ ಮೊಳಕೆಯೇ ಇಲ್ಲ. ಡಾಕ್ಟರಮ್ಮ ಮಗಳ ಬಾಯಿ ನೋಡಿದವರೇ ತಾಯಿಯನ್ನು ನೋಡುತ್ತಾರೆ. ತಾಯಿ ನಗುವಾಗಲೆಲ್ಲ ಕೈ ತುಟಿಗೆ ಹೋಗುತ್ತಿದೆ. “ನಿಮ್ಮದೊಮ್ಮೆ ತೋರಿಸಿ.” ಅದೇ ಜಾಗದಲ್ಲಿ ತಾಯಿಗೆ ಹಲ್ಲಿದೆ, ಆದರೆ ಮೊಳೆಯ ಹಾಗೆ ಚೂಪಾಗಿ, ಗಿಡ್ಡವಾಗಿ. ಪೂರ್ತಿ ಇಲ್ಲದಿರುವುದು, ಇದ್ದೂ ಕುಳ್ಳಾಗಿರುವುದು, ಎರಡೂ ಒಂದೇ ಎಳೆಯ ಎರಡು ರೂಪ.

ಹಲ್ಲು ಹುಟ್ಟಬೇಕೋ ಬೇಡವೋ ಎಂಬುದರಲ್ಲಿ ಜೀನ್‌ಗಳ ಕೈ ಬಲವಾಗಿದೆ. ಎಂಎಸ್‌ಎಕ್ಸ್1 ಎಂಬ ಜೀನ್ ಕೆಟ್ಟರೆ ಒಂದೇ ಕುಟುಂಬದ ಹಲವರಿಗೆ ದವಡೆಹಲ್ಲುಗಳು ಬರುವುದಿಲ್ಲ ಎಂದು 1996ರಲ್ಲಿ ಗೊತ್ತಾಯಿತು. ಪ್ಯಾಕ್ಸ್9 ಎಂಬ ಇನ್ನೊಂದು ಜೀನಿನ ಸಂಗತಿ 2000ದಲ್ಲಿ. ಫಿನ್ಲೆಂಡಿನ ಒಂದು ಕುಟುಂಬದಲ್ಲಿ 2004ರಲ್ಲಿ ಸಿಕ್ಕ ಆಕ್ಸಿನ್2 ಇನ್ನೂ ಗಂಭೀರ: ಹಲ್ಲು ಬಾರದವರಿಗೇ ದೊಡ್ಡಕರುಳಿನ ಕ್ಯಾನ್ಸರೂ ಕಾಣಿಸಿತ್ತು. ಅಂಥದು ಅಪರೂಪ, ಒಂದೆರಡು ಹಲ್ಲಿಲ್ಲವೆಂದು ಯಾರೂ ಹೆದರಬೇಕಿಲ್ಲ. ಬುದ್ಧಿಹಲ್ಲಂತೂ ಜಗತ್ತಿನಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಒಂದಾದರೂ ಬರುವುದೇ ಇಲ್ಲ. ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ.

ಹುಡುಗಿಗೆ ದಾರಿ ಎರಡು: ಕೋರೆಹಲ್ಲನ್ನು ಮುಂದೆ ತಂದು ಆಕಾರ ತಿದ್ದಿ ಜಾಗ ಮುಚ್ಚುವುದು, ಅಥವಾ ಜಾಗ ಉಳಿಸಿ ಬೆಳವಣಿಗೆ ಮುಗಿದ ಮೇಲೆ ಇಂಪ್ಲಾಂಟ್. ಈಗಲೇ ಇಂಪ್ಲಾಂಟ್ ಹಾಕಿಬಿಡಿ ಎನ್ನುವ ಅಪ್ಪನಿಗೆ ಡಾಕ್ಟರಮ್ಮ ಬಿಡಿಸಿ ಹೇಳುತ್ತಾರೆ: ಹಲ್ಲುಗಳು ದವಡೆಯೊಂದಿಗೆ ಕೆಳಗಿಳಿಯುತ್ತಾ ಬೆಳೆಯುತ್ತವೆ, ಇಂಪ್ಲಾಂಟ್ ಹಾಕಿದಲ್ಲೇ ನಿಲ್ಲುತ್ತದೆ; ಐದಾರು ವರ್ಷಕ್ಕೆ ಅದೊಂದೇ ಮೇಲೆ ಉಳಿದು ಗಿಡ್ಡ ಕಾಣುತ್ತದೆ.

ಕಲ್ಯಾಣದ ಪಕ್ಕದಲ್ಲೇ ಉಲ್ಹಾಸನಗರ. ಯುದ್ಧಕಾಲದ ಸೈನ್ಯದ ಬಿಡಾರ, ವಿಭಜನೆಯ ಹೊತ್ತಿಗೆ ಸಿಂಧಿಗಳ ‘ಕಲ್ಯಾಣ ಕ್ಯಾಂಪ್’, 1949ರಲ್ಲಿ ಉಲ್ಹಾಸನಗರ. ಅವರು ಬಿಟ್ಟುಬಂದ ಸಿಂಧ್ ಪ್ರಾಂತಕ್ಕೆ ಹಲ್ಲಿನ ಆನುವಂಶಿಕತೆಯ ಚರಿತ್ರೆಯಲ್ಲೊಂದು ಪುಟವಿದೆ. ಸಾಕುಪ್ರಾಣಿ ಮತ್ತು ಬೆಳೆಗಳ ಬದಲಾವಣೆಯ ಕುರಿತ ತನ್ನ ಪುಸ್ತಕದಲ್ಲಿ ಚಾರ್ಲ್ಸ್ ಡಾರ್ವಿನ್ ಸಿಂಧ್‌ನ ಒಂದು ಹಿಂದೂ ಕುಟುಂಬದ ವಿಷಯ ಬರೆದಿದ್ದಾನೆ. ನಾಲ್ಕು ತಲೆಮಾರಿನ ಹತ್ತು ಗಂಡಸರಿಗೆ ಬಾಯಲ್ಲಿ ಹನ್ನೆರಡೇ ಹಲ್ಲು, ಮೈಮೇಲೆ ಕೂದಲು ಕಡಿಮೆ, ಬೇಸಗೆ ಬಂದರೆ ಚರ್ಮ ಒಣಗಿ ಸಂಕಟ. ಹೆಣ್ಣುಮಕ್ಕಳಿಗೆ ಏನೂ ಇಲ್ಲ, ಆದರೆ ಅವರ ಗಂಡುಮಕ್ಕಳಿಗೆ ಮತ್ತೆ ಅದೇ. ತಂದೆಯಿಂದ ಮಗನಿಗೆ ಹೋದ ಒಂದು ಉದಾಹರಣೆಯೂ ಇಲ್ಲ. ಕ್ರೋಮೋಸೋಮ್ ಎಂಬ ಹೆಸರೇ ಹುಟ್ಟದ ಕಾಲದಲ್ಲಿ, ಎಕ್ಸ್ ಕ್ರೋಮೋಸೋಮಿನ ಮೇಲೆ ಸಾಗುವ ರೋಗದ ನಡೆಯನ್ನು ಅದು ಯಥಾವತ್ತಾಗಿ ವರ್ಣಿಸಿತ್ತು. ಆ ರೋಗದ ಹಿಂದಿರುವ ಇಡಿಎ ಎಂಬ ಜೀನ್ ಸಿಕ್ಕಿದ್ದು 1996ರಲ್ಲಿ.

ಬುಧವಾರ, ಠಾಣೆ. ಕುರ್ಚಿಯ ಮೇಲೆ ಹನ್ನೆರಡರ ಮಗಳು, ಮೇಲಿನ ಹಲ್ಲು ಮುಂದೆ ಉಬ್ಬಿವೆ, ಗದ್ದ ಹಿಂದೆ ಉಳಿದಿದೆ. ತಾಯಿ ಮಂಗಳೂರು ಕಡೆಯವರು, ಬ್ಯಾಂಕಿನಲ್ಲಿ ಕೆಲಸ, ಹಲ್ಲು ಮುತ್ತಿನ ಸಾಲು. “ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ ಡಾಕ್ಟ್ರೇ. ಇದು ಅವರಪ್ಪನ ಕಡೆಯಿಂದ ಬಂದದ್ದು.” ಗಂಡ ಪಾಪ ಮಾತಾಡುವುದಿಲ್ಲ. ಡಾಕ್ಟರಮ್ಮ ತಾಯಿಗೆ ತುಟಿ ಎತ್ತಲು ಹೇಳಿ, ಕೆಳಗಿನ ಹಲ್ಲುಗಳ ಹಿಂದೆ ಕನ್ನಡಿ ಇಡುತ್ತಾರೆ. ಅಲ್ಲೊಂದು ಸಪೂರ ತಂತಿ ಅಂಟಿಕೊಂಡಿದೆ.

“ಕ್ಲಿಪ್ ಯಾವಾಗ ಹಾಕಿಸಿದ್ರಿ?”

“ಪಿಯುಸಿಯಲ್ಲಿ...” ಎಂದವರು ಅಲ್ಲಿಗೇ ನಿಲ್ಲಿಸುತ್ತಾರೆ.

ಈ ತಮಾಷೆ ಇನ್ನುಮುಂದೆ ಹೆಚ್ಚಲಿದೆ. ಒಂದು ತಲೆಮಾರಿನ ಹೆಣ್ಣುಮಕ್ಕಳಿಗೆ ಮದುವೆಗೆ ಮೊದಲು ತಂತಿ ಕಟ್ಟಿಸಿ ಹಲ್ಲು ನೆಟ್ಟಗೆ ಮಾಡಿಸಿದ್ದೇವೆ. ತಂತಿ ಹಲ್ಲನ್ನು ಸರಿಸಿತೇ ಹೊರತು ಜೀನನ್ನು ಮುಟ್ಟಲಿಲ್ಲ. ಜಾತಕ ಕೂಡಿಸುವಾಗ ನೋಡಿದ ಫೋಟೋ ಬೇರೆ, ಮಗುವಿಗೆ ಇಳಿದ ದವಡೆ ಬೇರೆ. ಆದ್ದರಿಂದ ಡಾಕ್ಟರಮ್ಮ ಕೇಳುವುದು ಮದುವೆ ಆಲ್ಬಮ್ ಅಲ್ಲ, ಹೈಸ್ಕೂಲಿನ ಗ್ರೂಪ್ ಫೋಟೋ.

ಠಾಣೆಯಿಂದ ಟ್ರಾನ್ಸ್‌ಹಾರ್ಬರ್ ಲೋಕಲ್ ಹಿಡಿಯಿರಿ. ಐರೋಲಿ, ರಬಾಳೆ, ಘನಸೋಲಿ. ಎದುರಿನ ಸೀಟಿನಲ್ಲಿ ತಾಯಿ-ಮಗ, ಒಂದೇ ಮೂಗು, ಒಂದೇ ದವಡೆಯ ಮೂಲೆ. ಮಗನ ಹಲ್ಲು ಮಾತ್ರ ಒಂದರ ಮೇಲೊಂದು ಹತ್ತಿವೆ. “ಅಪ್ಪನ ದೊಡ್ಡ ಹಲ್ಲು, ಅಮ್ಮನ ಸಣ್ಣ ದವಡೆ, ಜಾಗ ಸಾಲಲಿಲ್ಲ” ಎಂದು ಹಲ್ಲಿನ ಡಾಕ್ಟರೇ ಹೇಳಿದ್ದನ್ನು ನೀವೂ ಕೇಳಿರಬಹುದು. ಈ ಮಾತಿನ ಬೆನ್ನಿಗೆ ಅಮೆರಿಕದ ಚಾರ್ಲ್ಸ್ ಸ್ಟಾಕಾರ್ಡ್ ಇದ್ದಾನೆ. ಬೇರೆ ಬೇರೆ ತಳಿಯ ನಾಯಿಗಳನ್ನು ಕೂಡಿಸಿ, ಮರಿಗಳ ಹಲ್ಲು-ದವಡೆ ತಾಳಮೇಳ ತಪ್ಪಿದ್ದನ್ನು ತೋರಿಸಿದ. ಪುಸ್ತಕ ಬಂದದ್ದು 1941ರಲ್ಲಿ. ಆದರೆ ಆ ನಾಯಿಗಳಲ್ಲಿದ್ದ ಗಿಡ್ಡ ಕಾಲಿನ ತಳಿಗಳಲ್ಲಿ ಮೂಳೆ ಕುಬ್ಜವಾಗುವ ಜೀನೇ ಇತ್ತು; ಮನುಷ್ಯರಲ್ಲಿ ಅಂಥದು ತೀರ ಅಪರೂಪ. ಜಪಾನಿ, ಚೀನೀ, ಯುರೋಪಿಯನ್, ಹವಾಯಿಯನ್ ರಕ್ತ ಬೆರೆತ ಹವಾಯಿಯ ಶಾಲಾಮಕ್ಕಳನ್ನು 1970ರ ಸುಮಾರಿಗೆ ಪರೀಕ್ಷಿಸಿದಾಗ ಬೆರಕೆಯಿಂದ ಹಲ್ಲು ಹೆಚ್ಚು ಕೆಟ್ಟಿರಲಿಲ್ಲ. ಅಪ್ಪನ ಹಲ್ಲು, ಅಮ್ಮನ ದವಡೆಯ ಮಾತು ಕೇಳಲು ಚೆನ್ನ, ಸಾಕ್ಷಿ ಕಡಿಮೆ.

ಹಾಗಾದರೆ ಹಲ್ಲು ಒತ್ತರಿಸುವುದೇಕೆ? ರಾಬರ್ಟ್ ಕೊರುಚಿನಿ ಎಂಬ ಮಾನವಶಾಸ್ತ್ರಜ್ಞ ನಮ್ಮ ಚಂಡೀಗಢದ ಸುತ್ತಲೇ ಇದಕ್ಕೆ ಉತ್ತರ ಹುಡುಕಿದ. ಒಂದೇ ಪಂಜಾಬಿ ಜನ. ಹಳ್ಳಿಯವರ ಹಲ್ಲಿನ ಸಾಲು ಒಪ್ಪವಾಗಿತ್ತು, ಪಟ್ಟಣದ ಹುಡುಗರದ್ದು ಹೆಚ್ಚು ಏರುಪೇರು. 1983ರಲ್ಲಿ ಅದು ಪ್ರಕಟವಾಯಿತು. ಒಂದು ತಲೆಮಾರಿನಲ್ಲಿ ಜೀನ್ ಬದಲಾಗದು, ಬದಲಾದದ್ದು ಊಟ ಎಂಬುದು ಅವನ ವಾದ. ಮೆತ್ತನೆಯ ಆಹಾರದ ಮೇಲೆ ಬೆಳೆಸಿದ ಕೋತಿಗಳ ದವಡೆ ಕಿರಿದಾದದ್ದನ್ನೂ ಅವನು ತೋರಿಸಿದ್ದ. ಡೊಂಬಿವಲಿಯ ಅಜ್ಜಿ ಖಡಕ್ ರೊಟ್ಟಿ ಮುರಿದು ತಿಂದು ಬೆಳೆದವರು, ಮೊಮ್ಮಗ ಬ್ರೆಡ್ಡು, ಬಿಸ್ಕೀಟು, ಪಾವ್. ರೊಟ್ಟಿ ತಿಂದವರೆಲ್ಲರ ಹಲ್ಲು ನೆಟ್ಟಗಿರುತ್ತದೆ ಎಂದೇನಲ್ಲ, ಆದರೆ ಅಗಿಯುವ ಕೆಲಸವಿಲ್ಲದ ದವಡೆ ಅಗಲವಾಗಲು ಕಾರಣವೂ ಇಲ್ಲ.

ನೆರೂಳಿನಲ್ಲಿ ಇಳಿಯಿರಿ. ದಂತ ಕಾಲೇಜಿನ ಒಪಿಡಿ, ಸಾಲಾಗಿ ಕುರ್ಚಿಗಳು, ಎಲ್ಲ ಕಡೆ ಬಿಳಿ ಕೋಟು. ಒಂದು ಕುರ್ಚಿಯಲ್ಲಿ ಅಕ್ಕ, ಪಕ್ಕದಲ್ಲಿ ತಂಗಿ, ತದ್ರೂಪ ಅವಳಿಗಳು. ಪಕ್ಕದಿಂದ ನೋಡಿದರೆ ಯಾರು ಯಾರೆಂದು ಹೇಳಲಾರಿರಿ. ಬಾಯಿ ತೆರೆದರೆ ಹೇಳುತ್ತೀರಿ: ತಂಗಿಯ ಮುಂದಿನ ಹಲ್ಲುಗಳ ನಡುವೆ, ಕಚ್ಚಿದಾಗಲೂ ಹೆಬ್ಬೆರಳು ತೂರುವಷ್ಟು ಸಂದು. ಏಳು ವರ್ಷದವರೆಗೆ ಬೆರಳು ಚೀಪಿದವಳು ಅವಳು. ಮುಖದ ಮೂಳೆ ಇಬ್ಬರಿಗೂ ಒಂದೇ, ಹಲ್ಲಿನ ಸಾಲು ಬೇರೆ. ಒಡಹುಟ್ಟಿದವರನ್ನು ನಾಲ್ಕನೇ ವಯಸ್ಸಿನಿಂದ ಇಪ್ಪತ್ತರವರೆಗೆ ಅಳೆದ ದಾಖಲೆಗಳನ್ನಿಟ್ಟುಕೊಂಡು ಎಡ್ವರ್ಡ್ ಹ್ಯಾರಿಸ್ ಮತ್ತು ಮೈಕೆಲ್ ಜಾನ್ಸನ್ 1991ರಲ್ಲಿ ಹೇಳಿದ್ದೂ ಇದನ್ನೇ. ಮುಖದ ಮೂಳೆಯ ಅಳತೆಯಲ್ಲಿ ವಂಶದ ಪಾಲು ದೊಡ್ಡದು, ವಯಸ್ಸಾದಂತೆ ಹೆಚ್ಚೂ ಆಗುತ್ತದೆ. ಹಲ್ಲುಗಳು ಒಂದಕ್ಕೊಂದು ಹೇಗೆ ಕೂರುತ್ತವೆ ಎಂಬುದರಲ್ಲಿ ವಂಶದ ಪಾಲು ಬಹಳ ಕಡಿಮೆ.

ನಮ್ಮ ಜನ ಇದನ್ನು ಉಲ್ಟಾ ಹಿಡಿದಿದ್ದಾರೆ ಎಂಬುದೇ ನನ್ನ ದೂರು. ಹಲ್ಲು ಒತ್ತರಿಸಿದ್ದರೆ “ನಮ್ಮ ಮನೆತನದ್ದು, ಏನು ಮಾಡೋದು” ಎಂದು ಕೈಚೆಲ್ಲುತ್ತಾರೆ. ಆದರೆ ಹಲ್ಲಿನ ಸಾಲು ಕೆಡಿಸುವ ಬೆರಳು ಚೀಪುವುದು, ಬಾಯಲ್ಲಿ ಉಸಿರಾಡುವುದು, ಹುಳುಕಿಗೆ ಹಾಲುಹಲ್ಲು ಬೇಗ ಕೀಳಿಸುವುದು, ಇವೆಲ್ಲ ತಡೆಯಬಹುದಾದವು. ಗದ್ದ ಮುಂದಿದ್ದರೆ ಮಾತ್ರ “ಬೆಳೀತಾ ಬೆಳೀತಾ ಸರಿಹೋಗುತ್ತೆ” ಎಂದು ಕಾಯುತ್ತಾರೆ. ಬೆಳೆದಷ್ಟೂ ಹೆಚ್ಚುವುದು ಅದೇ.

ಅವಳಿಗಳ ಪಕ್ಕದ ಕುರ್ಚಿಯ ಮುಂದೆ ಪಿಜಿ ವಿದ್ಯಾರ್ಥಿಯೊಬ್ಬ ಫೈಲು ಹಿಡಿದು ನಿಂತಿದ್ದಾನೆ. ಹದಿನಾರರ ಹುಡುಗ, ಮೇಲಿನ ಬಲಗಡೆಯ ದವಡೆಹಲ್ಲುಗಳು ಅರ್ಧಕ್ಕೇ ನಿಂತಿವೆ, ಕಚ್ಚಿದರೆ ಕೆಳಗಿನದಕ್ಕೆ ತಾಗುವು‌ದಿಲ್ಲ. ಬೇರೆಡೆ ತಂತಿ ಕಟ್ಟಿ ಎಳೆದದ್ದಾಗಿದೆ. ನಿಂತ ಹಲ್ಲು ಇಳಿಯಲಿಲ್ಲ, ಎಳೆಯಲು ಆಸರೆಯಾಗಿದ್ದ ಪಕ್ಕದ ಒಳ್ಳೆಯ ಹಲ್ಲುಗಳೇ ಮೇಲೆ ಹೋದವು. ತಂದೆಗೂ ಹಾಗೇ ಇದೆಯೇ ಎಂದು ಯಾರೂ ಕೇಳಿರಲಿಲ್ಲ. ಈಗ ಕೇಳಿದರು, ಇದೆ. ಪಿಟಿಎಚ್1ಆರ್ ಎಂಬ ಜೀನಿನ ದೋಷದಿಂದ ಹೀಗೆ ಹಲ್ಲು ನಡುದಾರಿಯಲ್ಲಿ ನಿಲ್ಲುತ್ತದೆ ಎಂದು 2008ರಲ್ಲಿ ತಿಳಿಯಿತು. ಅಂಥ ಹಲ್ಲನ್ನು ತಂತಿಯಿಂದ ಎಳೆಯಲೇಬಾರದು. ಬಲ ಬಿದ್ದರೆ ಮೂಳೆಗೇ ಅಂಟಿಕೊಳ್ಳುತ್ತದೆ. ಇಲ್ಲಿ ಜೀನಿನ ಅರಿವು ಒಂದು ಚಿಕಿತ್ಸೆಯನ್ನು ಮಾಡಬೇಡ ಎನ್ನುತ್ತದೆ, ಅದೇ ಅದರ ದೊಡ್ಡ ಉಪಕಾರ.

ಇಷ್ಟೆಲ್ಲ ಜೀನ್‌ಗಳ ಹೆಸರು ಕೇಳಿ, ಉಗುಳು ಕೊಟ್ಟರೆ ಮಗುವಿನ ಮುಖ ಹೇಗೆ ಬೆಳೆಯುತ್ತದೆಂದು ಹೇಳುವ ಪರೀಕ್ಷೆ ಇದೆಯೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲ. ಮುಖದ ಆಕಾರದಲ್ಲಿ ಕೈಯಾಡಿಸುವ ಜೀನ್‌ಗಳು ನೂರಾರು, ಒಂದೊಂದರ ಪಾಲೂ ಚೂರುಚೂರು. ಹಲ್ಲು ಹುಟ್ಟದಿರುವುದು, ಅರ್ಧಕ್ಕೆ ನಿಲ್ಲುವುದು, ಇಂಥ ಕೆಲವು ಸಂದರ್ಭ ಬಿಟ್ಟರೆ ಜೀನ್ ಪರೀಕ್ಷೆಗೆ ದುಡ್ಡು ಸುರಿಯುವುದು ವ್ಯರ್ಥ. ಅಪ್ಪ, ಅಮ್ಮ, ಅಜ್ಜ, ಅಜ್ಜಿಯರ ಮುಖವನ್ನು ಪಕ್ಕದಿಂದ ನೋಡುವುದು ಅದಕ್ಕಿಂತ ಹೆಚ್ಚು ಹೇಳುತ್ತದೆ, ಖರ್ಚೂ ಇಲ್ಲ.

ಮಗುವಿಗೆ ಏಳು ತುಂಬುವುದರೊಳಗೆ ಒಮ್ಮೆ ಆರ್ಥೊಡಾಂಟಿಸ್ಟ್‌ಗೆ ತೋರಿಸಿ ಎಂಬುದು ಅಮೆರಿಕದ ಆರ್ಥೊಡಾಂಟಿಸ್ಟರ ಸಂಘದ ಸಲಹೆ; ಹೆಚ್ಚಿನ ಮಕ್ಕಳಿಗೆ ಆಗ ಏನೂ ಮಾಡಬೇಕಾಗುವುದಿಲ್ಲ, ನೋಡಿ ಕಳಿಸುತ್ತಾರೆ. ಖಾಸಗಿ ಕ್ಲಿನಿಕ್ಕಿನ ಖರ್ಚಿಗೆ ಅಂಜುವವರಿಗೆ ಈ ಹಾರ್ಬರ್ ದಾರಿಯಲ್ಲೇ ನೆರೂಳಿನಲ್ಲಿ ಡಿ.ವೈ. ಪಾಟೀಲ್ ಮತ್ತು ತೆರ್ಣಾ, ಬೇಲಾಪುರದಲ್ಲಿ ಭಾರತಿ ವಿದ್ಯಾಪೀಠ, ಖಾರಘರದಲ್ಲಿ ವೈಎಂಟಿ, ಕಾಮೋಠೆಯಲ್ಲಿ ಎಂಜಿಎಂ ದಂತ ಕಾಲೇಜುಗಳಿವೆ. ಬೆಳಗ್ಗೆ ಬೇಗ ಹೋಗಿ ಕೇಸ್‌ಪೇಪರ್ ಮಾಡಿಸಿ. ಮನೆಯಲ್ಲಿ ಯಾರದ್ದಾದರೂ ಗದ್ದ ಮುಂದಿದ್ದರೆ, ಡಾಕ್ಟರು ಕೇಳದಿದ್ದರೂ ನೀವೇ ಮೊದಲು ಹೇಳಿ.